ಎತ್ತಿ ತಳ್ಳುವ ಗೇಟು

ನನಗೊಂದು ವಿಚಿತ್ರ ಅಭ್ಯಾಸವಿದೆ. ಯಾರ ಮನೆಗೆ ಹೋದರೂ ಅವರ ಗೇಟನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಒಂದಿಷ್ಟು ಮೇಲಕ್ಕೆತ್ತುತ್ತೇನೆ, ಆಮೇಲೆ ಎಡಕ್ಕೆ ಜರುಗಿಸುತ್ತೇನೆ, ಕೊನೆಗೆ ಒಳಕ್ಕೆ ತಳ್ಳುತ್ತೇನೆ. ಗೇಟು ಅದಾಗಲೇ ಅರ್ಧ ತೆರೆದಿದ್ದರೂ ಅಷ್ಟೆ. ಈ ವಿಷಯದಲ್ಲಿ ನನ್ನ ಕೈ ತಲೆಯ ಮಾತು ಕೇಳುವುದಿಲ್ಲ. ಹೋದ ತಿಂಗಳು ಬನಶಂಕರಿಯಲ್ಲಿ ಗೆಳತಿ ಸುಜಾತಳ ಮನೆಯ ಗೃಹಪ್ರವೇಶವಿತ್ತು. ಹೊಸ ಗೇಟು, ಮೇಲೆ ಚೆಂಡುಹೂವಿನ ಹಾರ, ಬಣ್ಣ ಇನ್ನೂ ಬೆರಳಿಗೆ ಅಂಟುವಷ್ಟು ಹಸಿ. ನಾನು ಅಭ್ಯಾಸಬಲದಿಂದ ಎತ್ತಿದೆ. ಅದು ತಿರುಗಣೆಯಿಂದ ಕಳಚಿಕೊಂಡು ನನ್ನ ಕೈಗೇ ಬಂತು. ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಒಂದು ಗೇಟು ಹಿಡಿದು, ಅದರ ಹಾರ ಅರ್ಧ ನನ್ನ ಕೊರಳಿಗೆ ಸಿಕ್ಕಿಕೊಂಡು ನಿಂತಿದ್ದ ನನ್ನನ್ನು ನೋಡಿ ಸುಜಾತಳ ಗಂಡ ಬಹಳ ಮರ್ಯಾದೆಯಿಂದ, “ಬನ್ನಿ ಮೇಡಂ, ಗೇಟ್ ಅಲ್ಲೇ ಇಟ್ಟು ಒಳಗೆ ಬನ್ನಿ” ಅಂದರು. ನನ್ನ ಯಜಮಾನರು ಪ್ರಭು, ಇಂಥ ಹೊತ್ತಿಗೆ ನನ್ನ ಕೈಬಿಡದ ಮನುಷ್ಯ, “ತಪ್ಪು ತಿಳ್ಕೋಬೇಡಿ ಸಾರ್, ಇದು ಅವಳ ತವರುಮನೆ ಬಳುವಳಿ” ಎಂದು ವಿವರಿಸಿದರು.

ನಿಜವನ್ನೇ ಹೇಳಿದರು. ಆ ತವರುಮನೆಯ ಗೇಟಿನ ಕಥೆಯನ್ನು ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ.

ಮನೆ ಇದ್ದದ್ದು ಯಡಿಯೂರಿನಲ್ಲಿ, ಕೆರೆಯಿಂದ ಎರಡು ರಸ್ತೆ ಈಚೆಗೆ. ತುಮಕೂರಿನ ಕಡೆಯಿಂದ ಬಂದು ಅಪ್ಪ ಕಟ್ಟಿಸಿದ ಮನೆ. ಕೆಂಪು ಗಾರೆಯ ನೆಲ, ಹಾಲಿನಲ್ಲಿ ಒಂದು ಉದ್ದನೆಯ ಬೆಂಚು, ಬೆಂಚಿನ ತುಂಬ ಅಜ್ಜಿ. ಅಜ್ಜಿ ಅಂದರೆ ಅಪ್ಪನ ತಾಯಿ. ಅಜ್ಜಿ ಕೂತರೆ ಮನೆಯ ಯಾವ ಮೂಲೆಯಲ್ಲಿ ಏನು ನಡೆದರೂ ಅವರ ಕಣ್ಣಿಗೆ ಬೀಳುವಂಥ ಜಾಗ ಅದು. ಅಪ್ಪ, ಅಮ್ಮ, ಶೈಲಕ್ಕ, ನಾನು, ಓದಲೆಂದು ಬಂದು ಓದು ಮುಗಿದ ಮೇಲೂ ಉಳಿದುಬಿಟ್ಟ ಚಿಕ್ಕಪ್ಪ, ಇಷ್ಟು ಜನ ಆ ಬೆಂಚಿನ ಸುತ್ತ ಓಡಾಡಿಕೊಂಡಿದ್ದೆವು.

ಅಪ್ಪ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಆದರೆ ತಾವು ಹುಟ್ಟಾ ಇಂಜಿನಿಯರು ಎಂದು ಅವರ ನಂಬಿಕೆ. ಅವರು ಮಾಡಿದ ಇಲಿ ಬೋನಿನೊಳಗೆ ಇಲಿ ಬಂದು ಕೊಬ್ಬರಿ ತಿಂದು, ಸ್ವಲ್ಪ ಹೊತ್ತು ಮಲಗಿ ಎದ್ದು ಹೋಗುತ್ತಿತ್ತು. ಬಚ್ಚಲುಮನೆಯಲ್ಲಿ ನೀರು ತಾನಾಗಿ ಬೆರೆಯಲಿ ಎಂದು ಎರಡು ಕೊಳವೆ ಜೋಡಿಸಿದ್ದರು. ಅದರಿಂದ ತಣ್ಣೀರು ಸೊಂಟದ ಮೇಲೂ ಬಿಸಿನೀರು ಕಾಲಿನ ಮೇಲೂ ಬೇರೆಬೇರೆಯಾಗಿ ಬೀಳುತ್ತಿತ್ತು. ಇವೆಲ್ಲದರ ಕಲಶವೆಂದರೆ ಗೇಟು. ಎರಡು ಬಾಗಿಲಿನ ಕಬ್ಬಿಣದ ಗೇಟು, ಮೇಲರ್ಧ ಸರಳು, ಸರಳಿನ ಮಧ್ಯೆ ಹುಟ್ಟುವ ಸೂರ್ಯ, ಕೆಳಗಿನ ಅರ್ಧಕ್ಕೆ ಗಟ್ಟಿ ತಗಡು. ಸೂರ್ಯ ಎಂದು ಅಪ್ಪ ಹೇಳುತ್ತಿದ್ದರು. ನೋಡಿದವರು ಚಕ್ಕುಲಿ ಅನ್ನುತ್ತಿದ್ದರು. ಚಿಲಕದ ಬದಲು ಒಳಗಡೆ ಒಂದು ಕೊಕ್ಕೆ. ಒಳಗಿನಿಂದಾದರೆ ಕೊಕ್ಕೆಯನ್ನು ಬೆರಳಲ್ಲಿ ಎತ್ತಿದರೆ ಮುಗಿಯಿತು. ಹೊರಗಿನಿಂದ ತೆಗೆಯಬೇಕಾದರೆ ಬಲಗಡೆಯ ಬಾಗಿಲನ್ನು ಎತ್ತಬೇಕು, ಎಡಕ್ಕೆ ಸರಿಸಬೇಕು, ಸರಿಸಿದ್ದನ್ನು ಹಾಗೇ ಹಿಡಿದುಕೊಂಡು ತಳ್ಳಬೇಕು. ವೆಲ್ಡಿಂಗ್ ಅಂಗಡಿಯವನು ಕೊನೆಯ ದಿನದವರೆಗೂ, “ಸಾರ್, ಎಲ್ರೂ ಮಾಡ್ಸೋ ಥರಾ ಒಂದು ಚಿಲಕ ಹಾಕ್ಸಿಬಿಡಿ” ಎಂದು ಗೋಗರೆದನಂತೆ. “ಎಲ್ರೂ ಮಾಡ್ಸೋದನ್ನ ಎಲ್ರೂ ತೆಗೀತಾರಪ್ಪ” ಅಂದರಂತೆ ಅಪ್ಪ.

ಅವರ ಆಸೆ ಈಡೇರಿತು. ಅಪ್ಪನನ್ನೂ ನಮ್ಮಿಬ್ಬರು ಹುಡುಗಿಯರನ್ನೂ ಬಿಟ್ಟರೆ ನಮ್ಮ ಗೇಟನ್ನು ಯಾರಿಂದಲೂ ತೆಗೆಯಲಾಗುತ್ತಿರಲಿಲ್ಲ. ನೆಂಟರು ಬಂದು ರಸ್ತೆಯಲ್ಲಿ ನಿಂತು ಕೂಗುತ್ತಿದ್ದರು. ಪೋಸ್ಟ್‌ಮ್ಯಾನ್ ಕಾಗದಗಳನ್ನು ದಾಸವಾಳದ ಗಿಡದ ಮೇಲೆ ಎಸೆದು ಹೋಗುತ್ತಿದ್ದರು. ನಾವು ಕಾಗದವನ್ನು ಹೂವಿನ ಜೊತೆಗೇ ಬಿಡಿಸಿಕೊಳ್ಳುತ್ತಿದ್ದೆವು. ಇಷ್ಟು ವರ್ಷ ಅದೇ ಮನೆಯಲ್ಲಿದ್ದ ಚಿಕ್ಕಪ್ಪನಿಗೂ ಅದು ಒಗ್ಗಲಿಲ್ಲ, ಕಾಂಪೌಂಡ್ ಹಾರಿ ಬರುತ್ತಿದ್ದ. ಒಂದು ಸಲ ಎದುರುಮನೆಗೆ ಹೊಸದಾಗಿ ಬಂದವರು ಅವನನ್ನು ಕಳ್ಳನೆಂದು ಹಿಡಿದು, ಗುರುತು ಹೇಳಿಸಲು ನಮ್ಮ ಮನೆಗೇ ಕರೆತಂದರು. ಅಜ್ಜಿ ಬೆಂಚಿನಿಂದಲೇ ಅವನನ್ನು ನೋಡಿ, “ನಮ್ಮೋನೇ, ಆದ್ರೆ ನೀವು ಹಿಡ್ಕೊಂಡಿದ್ದು ತಪ್ಪೇನಲ್ಲ” ಅಂದರು.

ನಮ್ಮ ರಸ್ತೆಯಲ್ಲಿ ಒಂದು ಕಂದು ಹಸು ಓಡಾಡಿಕೊಂಡಿತ್ತು. ಬೆಳಿಗ್ಗೆ ತರಕಾರಿ ಸಿಪ್ಪೆಗಾಗಿ ಗೇಟಿನ ಮುಂದೆ ಬಂದು ನಿಲ್ಲುವುದು ಅದರ ಕ್ರಮ. ಎಷ್ಟೋ ಕಾಲ ಸುಮ್ಮನೆ ನಿಂತು ನೋಡುತ್ತಿದ್ದ ಹಸು, ಅಕ್ಕನ ಮದುವೆಯಾದ ಮಾರನೆಯ ವರ್ಷ ಒಂದು ದಿನ ಕೊಂಬನ್ನು ಸರಳಿನೊಳಗೆ ತೂರಿಸಿತು, ಎತ್ತಿತು, ಎಡಕ್ಕೆ ಜರುಗಿಸಿತು, ತಳ್ಳಿಕೊಂಡು ಒಳಗೆ ಬಂದು ಅಮ್ಮನ ಕನಕಾಂಬರದ ಗಿಡಗಳನ್ನೆಲ್ಲ ತಿಂದಿತು. ಅಪ್ಪ ಪೇಪರ್ ಕೆಳಗಿಟ್ಟು ಬಹಳ ಹೊತ್ತು ಅದನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆವು. “ನೋಡಿದ್ಯೇನೋ” ಎಂದು ಚಿಕ್ಕಪ್ಪನ ಕಡೆ ತಿರುಗಿ ಅಂದರು, “ಅರ್ಥ ಮಾಡ್ಕೊಳ್ಳೋರಿಗೆ ಕಷ್ಟ ಏನಿಲ್ಲ.”

ಅಕ್ಕನ ಮದುವೆಯ ಮಾತು ಬಂತಲ್ಲ, ಅದನ್ನೇ ಹೇಳುತ್ತೇನೆ. ನಮ್ಮ ಬಳಗದಲ್ಲಿ ನಮ್ಮ ಗೇಟು ಹೆಸರು ಮಾಡಿದ್ದೇ ಅದರಿಂದ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಯಾರೂ ಗೇಟು ತೆಗೆಯಲು ಹೋಗಕೂಡದೆಂದು ಅಪ್ಪನ ಕಟ್ಟಪ್ಪಣೆ. ಹುಡುಗನೇ ತೆಗೆದುಕೊಂಡು ಒಳಗೆ ಬರಬೇಕು. “ಒಂದು ಗೇಟು ತೆಗ್ಯೋಕೆ ಬರ್ದೋನು ಸಂಸಾರ ಏನು ಮಾಡ್ತಾನೆ?” ಎಂದು ಅವರ ವಾದ. ಅಜ್ಜಿ ತಲೆ ಚಚ್ಚಿಕೊಂಡರು. “ಮನೆತನ ನೋಡಿ ಕೊಡ್ತಾರೆ, ಕೆಲಸ ನೋಡಿ ಕೊಡ್ತಾರೆ, ಗೇಟು ನೋಡಿ ಹೆಣ್ಣು ಕೊಡೋನು ನೀನೊಬ್ಬನೇ ಕಣೋ.” ಅಪ್ಪ ಜಗ್ಗಲಿಲ್ಲ. ಮೊದಲು ಬಂದ ಹುಡುಗ ಸ್ಕೂಟರಿನ ಹಾರನ್ನನ್ನು ಬೆರಳು ತೆಗೆಯದೆ ಒತ್ತಿದ. ಇನ್ನೊಬ್ಬ ಗೇಟನ್ನು ಕಿತ್ತೇ ಬಿಡುವವನಂತೆ ಅಲುಗಾಡಿಸಿ, ಬಗ್ಗದಿದ್ದಾಗ ಕಾಲಿನಿಂದ ಒದ್ದ. ಮತ್ತೊಬ್ಬ ಪಕ್ಕಕ್ಕೆ ಸರಿದು ನಿಂತು, ತನ್ನ ವಯಸ್ಸಾದ ತಾಯಿಯನ್ನು ತಳ್ಳಲು ಹೇಳಿದ. ಸಾಕಷ್ಟು ಹೊತ್ತಾದ ಮೇಲೆ ಚಿಕ್ಕಪ್ಪ ಹೋಗಿ ಕೊಕ್ಕೆ ಎತ್ತುತ್ತಿದ್ದ. ಅವರು ಮುಖ ಊದಿಸಿಕೊಂಡು ಬಂದು, ಅರ್ಧ ಲೋಟ ಕಾಫಿ ಕುಡಿದು ಹೊರಡುತ್ತಿದ್ದರು.

ಆಗ ನಾನು ಸ್ಕೂಲಿನಲ್ಲಿದ್ದೆ. ಅಕ್ಕನ ಭವಿಷ್ಯಕ್ಕಿಂತ ಕೇಸರಿಬಾತಿನ ಭವಿಷ್ಯ ನನಗೆ ಮುಖ್ಯವಾಗಿತ್ತು. ಗಂಡಿನವರು ಮುನಿಸಿಕೊಂಡು ಹೋದ ದಿನ ಪಾತ್ರೆ ಹಾಗೇ ಉಳಿಯುತ್ತಿತ್ತು. ಮನೆಮಂದಿಯೆಲ್ಲ ಕಳವಳದಲ್ಲಿದ್ದರೆ ನಾನೊಬ್ಬಳು ಗೇಟಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಆಮೇಲೆ ಬಸವರಾಜ ಭಾವ ಬಂದರು. ವಿದ್ಯುತ್ ಇಲಾಖೆಯಲ್ಲಿ ಕೆಲಸ. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದವರು ಗೇಟಿನ ಮುಂದೆ ಒಂದು ನಿಮಿಷ ನಿಂತರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಏನೋ ಅಂದುಕೊಂಡರು, ಕೈ ಇಟ್ಟರು. ಗೇಟು ಬೆಣ್ಣೆಯ ಹಾಗೆ ತೆರೆದುಕೊಂಡಿತು. ಅಪ್ಪ ಜಗಲಿಯಿಂದ ಇಳಿದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. ಮದುವೆ ಅಲ್ಲೇ, ಮೆಟ್ಟಿಲ ಮೇಲೇ ಗಟ್ಟಿಯಾಯಿತು. ಕೇಸರಿಬಾತು ಪೂರ್ತಿ ಖರ್ಚಾಯಿತು.

ಅಂದಿನಿಂದ ಭಾವ ಈ ಕಥೆಯನ್ನು ಹೇಳದ ಸಮಾರಂಭವಿಲ್ಲ. ನಾಮಕರಣ, ಷಷ್ಟ್ಯಬ್ದಿ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಲು ಹೋದಾಗ, ಎಲ್ಲೆಡೆ. “ನಾನು ಸುಮ್ನೆ ಕೈ ಹಾಕ್ಲಿಲ್ಲ. ಮೊದ್ಲು ಸ್ಟಡಿ ಮಾಡ್ದೆ. ಭಾರ ಯಾವ ಕಡೆ ಇದೆ, ಕೊಕ್ಕೆ ಎಲ್ಲಿ ಕೂರುತ್ತೆ, ಎಲ್ಲಾ ಲೆಕ್ಕ ಹಾಕಿ ಒಂದೇ ಸಲ. ಮಾವ್ನೋರು ಬೆರಗಾಗಿ ಹೋದ್ರು.” ಅಕ್ಕ ಪಕ್ಕದಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಇಷ್ಟು ಹಿಂದಿನ ಮಾತು. ಈಗ ಈಚಿನದಕ್ಕೆ ಬರುತ್ತೇನೆ. ಅಜ್ಜಿ ಹೋದರು, ಚಿಕ್ಕಪ್ಪ ಮೈಸೂರಿಗೆ ಹೋದ, ಕೆಲವು ವರ್ಷಗಳ ಹಿಂದೆ ಅಪ್ಪನೂ ಹೋದರು. ಕಳೆದ ವರ್ಷ ಅಮ್ಮ ನಮ್ಮಿಬ್ಬರನ್ನೂ ಕರೆಸಿ, ಮನೆಯನ್ನು ಬಿಲ್ಡರ್‌ಗೆ ಕೊಡುವುದಾಗಿ ಹೇಳಿದಳು. ನಾವು ಕಣ್ಣೀರು ಹಾಕಲು ತಯಾರಾಗಿ ಕೂತೆವು. ಅಮ್ಮನಿಗೆ ಅದಕ್ಕೆ ಪುರಸೊತ್ತಿರಲಿಲ್ಲ. ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಕ ಬಿಡಿಸಿ ತೋರಿಸಿದಳು. “ನೋಡ್ರೇ, ಅಡುಗೆಮನೇಲಿ ಎಲ್ಲಾ ಎಳೆಯೋ ಡ್ರಾಯರು. ಬಗ್ಗೋ ಹಾಗೇ ಇಲ್ಲ. ಲಿಫ್ಟ್ ಒಳಗೆ ಕನ್ನಡಿ ಬೇರೆ. ಮಾರ್ಕೆಟ್ಟಿಗೆ ಹೋಗ್ವಾಗ ತಲೆ ನೋಡ್ಕೊಂಡೇ ಇಳೀಬೋದು.” ಕಟ್ಟಡ ಮುಗಿಯುವವರೆಗೆ ಜೆ.ಪಿ. ನಗರದ ನಮ್ಮ ಫ್ಲಾಟಿನಲ್ಲಿರುವುದೆಂದು ಅವಳೇ ತೀರ್ಮಾನಿಸಿ, ಸೂಟ್‌ಕೇಸನ್ನೂ ತುಂಬಿಸಿಟ್ಟಿದ್ದಳು.

ಸಾಮಾನು ಖಾಲಿ ಮಾಡಲು ಒಂದು ಭಾನುವಾರ ನಿಗದಿಯಾಯಿತು. ನಾನು, ಪ್ರಭು, ಗಿರಿನಗರದಿಂದ ಅಕ್ಕ, ಭಾವ. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಾಲಿನ ಮಧ್ಯೆ ನಿಂತು, ಕಂಡದ್ದಕ್ಕೆಲ್ಲ “ಗುಜರಿಗೆ” ಅನ್ನುತ್ತಿದ್ದಳು. ನಾನು ಅವಳ ಹಿಂದೆಯೇ ನಿಂತು, ಗುಜರಿಯ ರಾಶಿಯಿಂದ ಒಂದೊಂದನ್ನೇ ಹೆಕ್ಕಿ ನನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಈ ವಿಷಯದಲ್ಲಿ ನಾನು ಸುಧಾರಿಸುವ ಹೆಂಗಸಲ್ಲ. ನಮ್ಮ ಫ್ಲಾಟಿನಲ್ಲಿ ಆಗಲೇ ಹಾಡದ ರೇಡಿಯೋ ಇದೆ, ಬಟ್ಟೆ ಇಲ್ಲದ ಛತ್ರಿ ಇದೆ, ಯಾವ ಬೀಗಕ್ಕೂ ಸೇರದ ಬೀಗದಕೈ ಇದೆ, ಅಜ್ಜಿಯ ಅಡಕತ್ತರಿ ಇದೆ. ಮನೆಯಲ್ಲಿ ಕೆಲಸ ಮಾಡುವ ಸಾಮಾನೆಂದರೆ ತಾವೊಬ್ಬರೇ ಎಂದು ಪ್ರಭು ಹೇಳುತ್ತಿರುತ್ತಾರೆ. ಅವತ್ತು ಚಟ್ನಿಪುಡಿಯ ಡಬ್ಬಿ, ಹಿಡಿ ಮುರಿದ ಒಗ್ಗರಣೆ ಸೌಟು, ಅಪ್ಪನ ಇಲಿ ಬೋನು, ಎಲ್ಲ ಚೀಲ ಸೇರಿದವು.

“ಇಲಿ ಬೋನು ಯಾಕೆ? ನಿಮ್ಮನೇಲಿ ಇಲಿ ಇದ್ಯಾ?” ಅಮ್ಮ ಕೇಳಿದಳು.

“ನೆನಪಿಗೆ ಅಮ್ಮ.”

“ಇಲಿ ನೆನಪಿಗಾ?”

“ಅಪ್ಪನ ನೆನಪಿಗೆ.”

“ನೆನಪು ನೀನಿಟ್ಕೋ, ಧೂಳು ಯಾರು ಒರೆಸ್ತಾರೆ ಹೇಳು” ಎಂದು ನನ್ನ ಯಜಮಾನರ ಕಡೆ ಕನಿಕರದಿಂದ ನೋಡಿದಳು.

ಎಲ್ಲ ಸರಾಗವಾಗಿ ನಡೆದಿತ್ತು. ಮಧ್ಯಾಹ್ನ ಗುಜರಿಯವರು ಬಂದು, “ಅಮ್ಮಾ, ಗೇಟೂ ಹಾಕೋದಾ?” ಎಂದು ಕೇಳುವವರೆಗೆ.

“ಹಾಕಪ್ಪ” ಅಂದಳು ಅಮ್ಮ.

“ಬೇಡ” ಅಂದೆ ನಾನು.

“ಬೇಡ” ಅಂದಳು ಅಕ್ಕ.

ಇಬ್ಬರೂ ಒಟ್ಟಿಗೇ ಅಂದೆವು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

“ಅದು ನಂಗೆ ಬೇಕು ಕಣೆ” ಅಂದಳು ಅಕ್ಕ.

“ನಂಗೂ ಬೇಕು.”

“ನೀನಿರೋದು ಮೂರನೇ ಮಹಡೀಲಿ. ಗೇಟ್ ಎಲ್ಲಿಗೆ ಹಾಕ್ತೀಯಾ?”

“ಬಾಲ್ಕನೀಲಿ ಇಡ್ತೀನಿ. ಅದರ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿಸ್ತೀನಿ.”

“ನಿನ್ನ ಬಾಲ್ಕನೀಲಿ ಬಟ್ಟೆ ಒಣಗಿಸೋಕೇ ಜಾಗ ಇಲ್ಲ.”

“ನಿನ್ನ ಮನೇಗೆ ಗೇಟ್ ಇದೆ ಶೈಲಕ್ಕ. ಇಲ್ದೇ ಇರೋಳು ನಾನು.”

ಈ ವಾದ ಎಷ್ಟು ಬಲವಾಗಿದೆಯೆಂದು ನನಗೇ ಹೆಮ್ಮೆಯೆನಿಸಿತು. ಪ್ರಭು ಮೆಲ್ಲನೆ, “ಲಿಫ್ಟಿನೊಳಗೆ ಹಿಡಿಸಲ್ಲ” ಅಂದರು. ಮೆಟ್ಟಿಲ ಮೇಲೆ ತರುವುದು ನೀವು ಎಂದು ಅವರಿಗೆ ಹೇಳಿದೆ. ಅವರು ಹೋಗಿ ಬೆಂಚಿನ ಮೇಲೆ ಕೂತುಬಿಟ್ಟರು.

ಸಾಮಾನು ಹಂಚಿಕೊಳ್ಳುವಾಗ ಜಗಳ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನಿಮಗೂ ಗೊತ್ತಿರುತ್ತದೆ. ಗೇಟಿನಿಂದ ಶುರುವಾದದ್ದು, ನನ್ನ ಹೊಸ ಲಂಗವನ್ನು ಅವಳು ಕಾಲೇಜಿನ ನಾಟಕಕ್ಕೆ ಪರದೆ ಮಾಡಿದ್ದಕ್ಕೆ ಹೋಯಿತು. ಅಲ್ಲಿಂದ ಅಪ್ಪನಿಗೆ ಯಾರ ಮೇಲೆ ಪ್ರೀತಿ ಹೆಚ್ಚಿತ್ತು ಎನ್ನುವುದಕ್ಕೆ ಬಂತು. ನಾನು ಅಂದೆ, “ಮದುವೆಯಾಗಿ ನೀನು ಹೋದ್ಮೇಲೆ ಅಪ್ಪನ ಜೊತೆ ಆ ಗೇಟಿಗೆ ವರ್ಷಾ ವರ್ಷಾ ಬಣ್ಣ ಹೊಡೆದೋಳು ನಾನು. ನಿಂಗೂ ಅದಕ್ಕೂ ಏನು ಸಂಬಂಧ?”

ಅಕ್ಕ ಸೀದಾ ಅಂಗಳಕ್ಕೆ ಹೋಗಿ ಗೇಟಿನ ಪಕ್ಕ ನಿಂತಳು. ನಮ್ಮ ಅಕ್ಕ ಬಾಯಿ ಮಾಡುವ ಹೆಂಗಸು, ಅವಳು ಸುಮ್ಮನಾದರೆ ಭಯವಾಗುತ್ತದೆ. ಸೆರಗಿನ ತುದಿಯಿಂದ ಆ ಚಕ್ಕುಲಿ ಸೂರ್ಯನ ಧೂಳು ಒರೆಸತೊಡಗಿದಳು. ಒಂದು ಕಬ್ಬಿಣದ ಸಾಮಾನಿಗಾಗಿ ಅಕ್ಕ ತಂಗಿ ಮಾತು ಬಿಡುವ ಹಾಗಾಗುತ್ತದೆಯೋ ಏನೋ ಅನಿಸಿತು.

ಭಾವನಿಗೂ ಹಾಗೇ ಅನಿಸಿರಬೇಕು. ವಾತಾವರಣ ತಿಳಿಮಾಡಲು ತಮಗೆ ತಿಳಿದ ಒಂದೇ ಉಪಾಯಕ್ಕೆ ಕೈಹಾಕಿದರು. ಗುಜರಿಯವರನ್ನು ಹತ್ತಿರ ಕರೆದು ಶುರುಮಾಡಿದರು. “ಈ ಗೇಟ್ ಇದ್ಯಲ್ಲಣ್ಣ, ಇದನ್ನ ತೆಗೆದೇ ನಾನು ಈ ಮನೆ ಅಳಿಯ ಆಗಿದ್ದು. ಸುಮ್ನೆ ಕೈ ಹಾಕ್ಲಿಲ್ಲ. ಮೊದ್ಲು ಸ್ಟಡಿ ಮಾಡ್ದೆ…”

“ನೀವು ತೆಗೀಲಿಲ್ಲ ರೀ” ಅಂದಳು ಅಕ್ಕ, ತಿರುಗದೆಯೇ.

“ಏನು?”

“ಗೇಟ್ ತೆಗೆದಿದ್ದು ನೀವಲ್ಲ. ನಾನು.”

ಬೆಂಚಿನ ಮೇಲಿದ್ದ ಪ್ರಭು ಎದ್ದು ಬಂದರು. ಗುಜರಿಯವರು ತಕ್ಕಡಿ ಕೆಳಗಿಟ್ಟರು.

ಅಕ್ಕ ಹೇಳಿದ್ದು ಇದು. ಮೊದಲ ಗಂಡು ನೋಡಲು ಬರುವ ಹಿಂದಿನ ದಿನ ಅಪ್ಪ ಅವಳನ್ನು ದಾಸವಾಳ ಕೀಳುವ ನೆವದಲ್ಲಿ ಗೇಟಿನ ಹತ್ತಿರ ಕರೆದರಂತೆ. “ಹುಡುಗ ಬೇಡ ಅನ್ನಿಸಿದ್ರೆ ನಿಮ್ಮಜ್ಜಿ ಎದುರು ನಿಂತು ಬೇಡ ಅನ್ನೋಕೆ ನಿನ್ನ ಕೈಲಾಗಲ್ಲ. ನನ್ನ ಕೈಲೂ ಆಗಲ್ಲ. ನೀನು ಇಲ್ಲಿ ತಗಡಿನ ಹಿಂದೆ ಕೂತಿರು, ಮನೆ ಕಡೆಯಿಂದ ದಾಸವಾಳದ ಗಿಡ ಮರೆ ಆಗುತ್ತೆ. ಬಂದೋನು ಹೇಗಿದಾನೆ, ಏನು ಮಾತಾಡ್ತಾನೆ, ಕೇಳಿಸ್ಕೊ. ಇಷ್ಟ ಆದ್ರೆ ಕೊಕ್ಕೆ ಎತ್ತಿ ಗಿಡದ ಹಿಂದೆ ಸರಿದ್ಬಿಡು. ಆಗ್ದೇ ಇದ್ರೆ ಹಿತ್ತಲಿಂದ ಒಳಗೆ ಬಂದ್ಬಿಡು. ಬೈಸ್ಕೊಳ್ಳೋದು ನಾನು ಬೈಸ್ಕೋತೀನಿ.”

ಹಾರನ್ ಒತ್ತಿದವನು, ಒದ್ದವನು, ತಾಯಿಯ ಕೈಲಿ ತಳ್ಳಿಸಿದವನು, ಎಲ್ಲರನ್ನೂ ಅಕ್ಕ ರೇಷ್ಮೆ ಸೀರೆ ಉಟ್ಟುಕೊಂಡು ಮಲ್ಲಿಗೆ ಮುಡಿದುಕೊಂಡು ತಗಡಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದ್ದಳು. ಕೊಕ್ಕೆ ಮುಟ್ಟಿರಲಿಲ್ಲ. ಅಜ್ಜಿ ಅಪ್ಪನನ್ನು ಹುಚ್ಚನೆಂದು ಬೈದರು, ಬಳಗವೆಲ್ಲ ನಕ್ಕಿತು, ಅಪ್ಪ ಇಂಜಿನಿಯರಿಂಗ್ ಬಗ್ಗೆ ಭಾಷಣ ಮಾಡಿಕೊಂಡು ಕೂತಿದ್ದರು. ಇಷ್ಟು ವರ್ಷ ನಾನೂ ನಕ್ಕವಳೇ.

“ಮತ್ತೆ ನಂಗೆ ಯಾಕೆ ಎತ್ತಿದೆ?” ಎಂದು ಭಾವ ಕೇಳಿದರು. ಆ ಧ್ವನಿ ಇಲಾಖೆಯ ಹಿರಿಯ ನಿವೃತ್ತ ಅಧಿಕಾರಿಯದಾಗಿರಲಿಲ್ಲ.

ಅಕ್ಕನ ಮುಖ ಸಣ್ಣಗೆ ಕೆಂಪಾಯಿತು. ಅವಳಿಗೆ ಮೊಮ್ಮಗಳಿದ್ದಾಳೆ, ಆದರೂ ಆಯಿತು. “ಗೇಟ್ ಮುಂದೆ ಆ ಕಂದು ಹಸು ನಿಂತಿತ್ತಲ್ಲ. ನೀವು ಬಂದು ಅದನ್ನ ನೋಡಿ ‘ನೀವೂ ಆವಾಗ್ಲಿಂದ ಕಾಯ್ತಿದ್ದೀರಾ’ ಅಂತ ಕೇಳಿದ್ರಿ. ಹಸೂಗೆ ಬಹುವಚನ. ನಂಗೆ ಒಳಗೆ ನಗು ತಡೆಯೋಕಾಗ್ಲಿಲ್ಲ. ನಕ್ಕಿದ್ದು ಕೇಳಿಸಿಬಿಡುತ್ತೆ ಅಂತ ಬೇಗ ಕೊಕ್ಕೆ ಎತ್ತಿಬಿಟ್ಟೆ.”

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ನಾನು ಪಾಸಾಗ್ಲಿಲ್ವಾ?”

“ಪಾಸ್ ಮಾಡಿದೆ” ಅಂದಳು ಅಕ್ಕ.

ಮೊದಲು ನಕ್ಕವರು ಗುಜರಿಯವರು. ಆಮೇಲೆ ಪ್ರಭು. ನಾನು ನಗುತ್ತಲೇ ಅಕ್ಕನ ಭುಜಕ್ಕೆ ಮುಖ ಒತ್ತಿದೆ, ನಗುವಿನ ಮಧ್ಯೆ ಅಳುವೂ ಬಂತು. ಗೇಟು ಯಾರಿಗೆ ಎಂದು ಮತ್ತೆ ಯಾರೂ ಕೇಳಲಿಲ್ಲ. ಅಮ್ಮನೊಬ್ಬಳು ಮಾತ್ರ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಅಪ್ಪ ಮಗಳು ಸೇರ್ಕೊಂಡು ನನಗೊಂದು ಮಾತು ಹೇಳ್ಲಿಲ್ಲ. ನಾನಿಲ್ಲಿ ಕೇಸರಿಬಾತ್ ಕೆದಕಿ ಕೆದಕಿ ಕೈ ಸೋತು ಹೋಯ್ತು” ಎಂದು ಒಳಗೆ ಹೋದಳು.

ಗೇಟನ್ನು ಗಿರಿನಗರಕ್ಕೆ ಸಾಗಿಸಲು ಲಗೇಜ್ ಆಟೋ ಬಂತು. ಭಾವ ಮತ್ತು ಪ್ರಭು ಕಾರಿನಲ್ಲಿ ಮುಂದೆ ಹೋದರು. ಗೇಟನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದಾಯಿತು, ಆದರೂ ಅದು ವಾಲುತ್ತಿತ್ತು. ಹಿಂದೆ ಯಾರಾದರೂ ಹಿಡಿದುಕೊಳ್ಳಬೇಕು ಎಂದರು ಡ್ರೈವರ್. ನಾನು ಹತ್ತಿದೆ. ನನ್ನನ್ನು ನೋಡಿ ಅಕ್ಕನೂ ಹತ್ತಿದಳು. ಅವಳಿಗೆ ಮಂಡಿನೋವು, ನನಗೆ ಸೊಂಟನೋವು, ಇಬ್ಬರನ್ನೂ ಹತ್ತಿಸಲು ಗುಜರಿಯವರು ಕೈಕೊಟ್ಟರು. ಕಾರಿನಲ್ಲಿ ಬಾ ಎಂದರೆ ಕೇಳದೆ ಅಮ್ಮ ಡ್ರೈವರ್ ಪಕ್ಕ ಕೂತು, ದಾರಿಯುದ್ದಕ್ಕೂ ಅವರಿಗೆ ಲಿಫ್ಟಿನ ಕನ್ನಡಿಯ ವರ್ಣನೆ ಮಾಡಿದಳು.

ಬನಶಂಕರಿ ದಾಟಿ ಕತ್ರಿಗುಪ್ಪೆಯ ಸಿಗ್ನಲ್ಲಿನಲ್ಲಿ ನಿಂತೆವು. ಇಬ್ಬರು ವಯಸ್ಸಾದ ಹೆಂಗಸರು ಆಟೋದ ಹಿಂದೆ ಕಾಲು ಇಳಿಬಿಟ್ಟುಕೊಂಡು, ಸರಳಿನ ಹಿಂದೆ ಜೈಲಿನ ಖೈದಿಗಳ ಹಾಗೆ ಕೂತಿರುವುದನ್ನು ಅರ್ಧ ಬೆಂಗಳೂರು ನೋಡುತ್ತಿತ್ತು. ಬೈಕಿನವನೊಬ್ಬ ಹೆಲ್ಮೆಟ್ಟಿನ ಗಾಜು ಎತ್ತಿ, “ಆಂಟಿ, ಗೇಟ್ ಎಲ್ಲಿಂದ?” ಎಂದು ಕೇಳಿದ.

“ತವರುಮನೆಯಿಂದ ಕೊಟ್ರಪ್ಪ” ಅಂದಳು ಅಕ್ಕ. “ಬೇರೆಯವ್ರಿಗೆಲ್ಲ ಸೀರೆ ಕೊಡ್ತಾರೆ, ನಮ್ಮಪ್ಪ ಗೇಟ್ ಕೊಟ್ರು.”

“ಸಖತ್ ಆಂಟಿ” ಎಂದು ಅವನು ಹಸಿರು ದೀಪಕ್ಕೆ ಹೊರಟುಹೋದ. ನಮಗೆ ನಗು ಹತ್ತಿತು. ಹಳ್ಳಕ್ಕೆ ಆಟೋ ಇಳಿದು ಎದ್ದಾಗಲೆಲ್ಲ ಗೇಟು ಗಲಗಲ ಅನ್ನುತ್ತಿತ್ತು, ಅದಕ್ಕೆ ಇನ್ನಷ್ಟು ನಗು. ಗಿರಿನಗರ ತಲುಪುವ ಹೊತ್ತಿಗೆ ನನ್ನ ಪಕ್ಕೆ ಹಿಡಿದುಕೊಂಡಿತ್ತು, ಅಕ್ಕನಿಗೆ ಬಿಕ್ಕಳಿಕೆ ಬಂದಿತ್ತು. ಸ್ಕೂಲಿನ ರಜೆಯಲ್ಲಿ ಅದೇ ಗೇಟಿಗೆ ಜೋತುಬಿದ್ದು ಜೀಕುತ್ತಿದ್ದ ಕಾಲದಿಂದೀಚೆಗೆ ನಾವಿಬ್ಬರೂ ಒಟ್ಟಿಗೆ ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಅಕ್ಕನ ಮನೆಯ ಕಾಂಪೌಂಡಿನ ಕಂಬಗಳ ನಡುವೆ ಗೇಟು ಹಿಡಿಸಲಿಲ್ಲ. ಇಂಥ ಹೊತ್ತಿನಲ್ಲಿ ಗೇಟನ್ನು ಕತ್ತರಿಸುವವರುಂಟು. ಭಾವ ಕಂಬವನ್ನೇ ಒಡೆಸಿದರು. “ನಂಗೋಸ್ಕರ ತೆರೆದಿರೋ ಗೇಟು, ಅದನ್ನ ಕತ್ತರಿಸೋದುಂಟಾ” ಎಂದು ಗಾರೆಯವರಿಗೆ ಹೇಳಿದರಂತೆ. ಎರಡು ವಾರದಲ್ಲಿ ಹೊಸ ಕಂಬ ಎದ್ದು, ಗೇಟಿಗೆ ಹಸಿರು ಬಣ್ಣ, ಚಕ್ಕುಲಿಗೆ ಹಳದಿ ಬಣ್ಣ ಬಿತ್ತು. ಅವತ್ತು ಊಟಕ್ಕೆ ಬನ್ನಿ ಎಂದು ಅಕ್ಕ ಕರೆದಳು. ಪ್ರಭು ಕಾರು ನಿಲ್ಲಿಸಲು ಜಾಗ ಹುಡುಕುತ್ತ ಮುಂದೆ ಹೋದರು. ಅಮ್ಮನೂ ನಾನೂ ಇಳಿದೆವು. ನಾನು ಹಿಂದಿನ ಸೀಟಿನಿಂದ ಹಣ್ಣಿನ ಚೀಲ ತೆಗೆದುಕೊಂಡು ಬರುವಷ್ಟರಲ್ಲಿ ಅಮ್ಮ ಗೇಟಿನ ಮುಂದೆ ಕೈಕಟ್ಟಿ ನಿಂತಿದ್ದಳು. ಒಳಗಿನಿಂದ ಅಕ್ಕ ಭಾವ ಬರುತ್ತಿದ್ದರು.

ಹಾಗೆ ನಿಂತ ಅಮ್ಮನನ್ನು ನೋಡಿದ ಕೂಡಲೇ ನನಗೆ ಯಡಿಯೂರಿನ ಸಂಜೆಗಳು ಕಣ್ಣಿಗೆ ಕಟ್ಟಿದವು. ಜಯನಗರದ ಮಾರ್ಕೆಟ್ಟಿನಿಂದ ಅಮ್ಮ ಎರಡು ಕೈಯಲ್ಲೂ ಚೀಲ ಹಿಡಿದು ಬಂದು, ಗೇಟಿನ ಹೊರಗೆ ನಿಂತು “ರೀ, ಸ್ವಲ್ಪ ಬನ್ನಿ” ಎಂದು ಕೂಗುತ್ತಿದ್ದಳು. ನಾವ್ಯಾರೂ ಏಳುತ್ತಿರಲಿಲ್ಲ, ಅದು ಅಪ್ಪನ ಕೆಲಸ. ಅಪ್ಪ ಬನಿಯನ್ನಿನಲ್ಲೇ ಎದ್ದು ಹೋಗಿ, “ಇಷ್ಟು ವರ್ಷ ಆಯ್ತು, ಇನ್ನೂ ಬರಲ್ವಲ್ಲ ನಿನಗೆ” ಎಂದು ಗೊಣಗುತ್ತ ತೆಗೆಯುತ್ತಿದ್ದರು. ಅಪ್ಪ ಹೋದ ಮೇಲೆ ಆ ಗೇಟಿಗೆ ಕೊಕ್ಕೆ ಹಾಕುವುದೇ ನಿಂತುಹೋಗಿತ್ತು. ಅಮ್ಮ ಸುಮ್ಮನೆ ಒರಗಿಸಿ ಬಿಟ್ಟಿರುತ್ತಿದ್ದಳು.

“ಇರಮ್ಮ, ನಾನು ತೆಗೀತೀನಿ, ನಿನಗೆ ಬರಲ್ಲ” ಎಂದು ನಾನು ಚೀಲ ಕೆಳಗಿಟ್ಟೆ.

ಅಮ್ಮ ನನ್ನನ್ನೊಮ್ಮೆ ನೋಡಿದಳು. ಬಲಗಡೆಯ ಬಾಗಿಲಿಗೆ ಕೈಯಿಟ್ಟಳು, ಎತ್ತಿದಳು, ಎಡಕ್ಕೆ ಜರುಗಿಸಿದಳು, ತಳ್ಳಿದಳು. ಒಂದೇ ಸಲಕ್ಕೆ, ಸದ್ದಿಲ್ಲದೆ, ಅಪ್ಪನಿಗಿಂತ ಚೆನ್ನಾಗಿ.

ಅಕ್ಕ ಅಂಗಳದಲ್ಲೇ ನಿಂತುಬಿಟ್ಟಳು. “ಅಮ್ಮಾ, ನಿನಗೆ ಬರಲ್ಲ ಅಂತಿದ್ದೆ?”

“ಬರಲ್ಲ ಅಂತ ನಿಮ್ಮಪ್ಪನಿಗೆ ಹೇಳಿದ್ದೆ” ಅಂದಳು ಅಮ್ಮ. “ಮನೆ ತುಂಬಾ ಜನ. ಬೆಂಚಿನ ಮೇಲೆ ನಿಮ್ಮಜ್ಜಿ. ಅವರ ಎದುರಿಗೆ ಗಂಡನ ಹತ್ರ ಎರಡು ಮಾತು ಆಡೋ ಹಾಗಿರ್ಲಿಲ್ಲ. ಗೇಟ್ ಹತ್ರ ಆದ್ರೆ, ಅವರು ಬಂದು ತೆಗೆಯೋದು, ಚೀಲ ಇಸ್ಕೊಳ್ಳೋದು, ಏನು ತಂದೆ ಅಂತ ಕೇಳೋದು, ಹಾಗೇ ಸ್ವಲ್ಪ ಹೊತ್ತು ನಿಲ್ಲೋದು. ನಾನೇ ತೆಕ್ಕೊಂಡು ಬಂದಿದ್ರೆ ಅವರ್ಯಾಕೆ ಬರ್ತಿದ್ರು?”

ನಾನು ಚೀಲ ಎತ್ತಿಕೊಂಡು ಒಳಗೆ ಬಂದೆ. ಅಮ್ಮ ಹಿಂದೆ ತಿರುಗಿ ಗೇಟು ಮುಚ್ಚಿ, ಕೊಕ್ಕೆ ಹಾಕಿ, ಅದು ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಅಲುಗಾಡಿಸಿ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಅಡುಗೆಗೆ ಏನು ಮಾಡಿದ್ದೀಯಾ ಎಂದು ಅಕ್ಕನನ್ನು ಕೇಳುತ್ತ ಒಳಗೆ ಹೋದಳು.